ಧಾರೆಯ ಹೊತ್ತಿಗೆ ನಿಂತ ಕಾರ್ಡ್

ಹೋದ ವಾರ ನಮ್ಮ ಸ್ಟುಡಿಯೋದ ಹೊಸ ಹುಡುಗ ಮೆಮೊರಿ ಕಾರ್ಡ್ ಪೌಚ್ ತೆರೆದು ಕೇಳಿದ, "ಅಣ್ಣಾ, ಇದರ ಮೇಲೆ 170 ಅಂತ ಇದೆ. ಇದನ್ನೇ ಎ-ಕ್ಯಾಮ್‌ಗೆ ಹಾಕ್ಲಾ?" ಎ-ಕ್ಯಾಮ್ ಅಂದರೆ ನಮ್ಮ ಮುಖ್ಯ ಕ್ಯಾಮೆರಾ. ಬೇಡ ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಪಾಪ, ಹುಡುಗ ಬೆದರಿದ. ಅವನ ತಪ್ಪೇನಿಲ್ಲ. ಮೂರು ವರ್ಷದ ಹಿಂದೆ ನಾನೂ ಅದೇ 170 ನೋಡಿ ಐದು ಕಾರ್ಡ್ ಕೊಂಡಿದ್ದೆ. ಹೋದ ವಾರ ಅವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮುಂಬಯಿಯ ಮುಲುಂಡ್‌ನಲ್ಲಿರುವ ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಕನ್ನಡ ಸಂಘಗಳ ವಾರ್ಷಿಕೋತ್ಸವ, ಮಳೆಗಾಲದಲ್ಲಿ ಊರಿಂದ ಬರುವ ಮೇಳಗಳ ಯಕ್ಷಗಾನ. ಆಗ ಎ-ಕ್ಯಾಮ್ ಪ್ಯಾನಸೋನಿಕ್ ಜಿಎಚ್5. ಅದರಲ್ಲಿ ನಾವು 4ಕೆ 150ರಲ್ಲಿ ಶೂಟ್ ಮಾಡುತ್ತಿದ್ದೆವು. ಆ 150 ಅಂದರೆ ಬಿಟ್‌ರೇಟ್, ಸೆಕೆಂಡಿಗೆ ಕಾರ್ಡ್‌ಗೆ ಎಷ್ಟು ಡೇಟಾ ಬರೆಯುತ್ತದೆ ಎಂಬ ಸಂಖ್ಯೆ. ಎಡಿಟರ್‌ಗೆ ಅದೇ ತಲೆನೋವು. ಅವನ ಹಳೇ ಕಂಪ್ಯೂಟರ್‌ನಲ್ಲಿ ಆ ಫೈಲ್‌ಗಳು ಟೈಮ್‌ಲೈನ್ ಮೇಲೆ ತಡವರಿಸುತ್ತಿದ್ದವು. "ಆಲ್-ಇಂಟ್ರಾ 400 ಕೊಡಿ, ಕಟ್ ಮಾಡೋಕೆ ಹಗುರ ಆಗುತ್ತೆ" ಎಂದು ದಿನಾ ಹೇಳುತ್ತಿದ್ದ. ಆಲ್-ಇಂಟ್ರಾ ಅಂದರೆ ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಬರೆಯುವುದು, ಫೈಲ್ ದೊಡ್ಡದು, ಆದರೆ ಕಂಪ್ಯೂಟರ್‌ಗೆ ಬಿಡಿಸುವ ಕೆಲಸ ಕಡಿಮೆ. ಅವನು ಹೇಳಿದ್ದು ಸರಿಯೇ. ಯಜಮಾನರು ಒಪ್ಪಿದರು. ಆದರೆ ಕಾರ್ಡ್‌ಗೆ ಕೊಟ್ಟ ದುಡ್ಡು ಮಾತ್ರ ಮೊದಲಿನಷ್ಟೇ. "ಕಾರ್ಡ್ ಅಂದ್ರೆ ಕಾರ್ಡ್. ಅದರಲ್ಲೇನು ಅಷ್ಟು?" ಎಂದರು. ಅಂಗಡಿಗೆ ಹೋದವನು ನಾನು. ಬೋರಾ ಬಜಾರ್‌ನಲ್ಲಿ ದುಬಾರಿ ಕಾರ್ಡ್ ಒಂದರ ರೇಟಿಗೆ ಇವು ಎರಡು ಬರುತ್ತಿದ್ದವು. ಮೇಲೆ ದಪ್ಪಕ್ಷರದಲ್ಲಿ 170 ಎಂಬಿ. ಸಾಕಲ್ಲ ಎನಿಸಿತು.

ಮನೆಯಲ್ಲಿ ಟೆಸ್ಟ್ ಕೂಡ ಮಾಡಿದ್ದೆ. ಹೊಸ ಕಾರ್ಡ್ ಹಾಕಿ, 400ರಲ್ಲಿ, ಕಿಟಕಿ ಕಡೆ ತಿರುಗಿಸಿ ಎರಡು ನಿಮಿಷ. ಚೆನ್ನಾಗಿ ಓಡಿತು. ನನಗೆ ಧೈರ್ಯ ಬಂತು. ಆ ಎರಡು ನಿಮಿಷದ ಟೆಸ್ಟ್ ಮಾಡದೇ ಇದ್ದಿದ್ದರೆ ಬಹುಶಃ ಅಷ್ಟು ನಂಬುತ್ತಿರಲಿಲ್ಲ.

ಮೊದಲ ಎರಡು ಮದುವೆ ಸುಸೂತ್ರವಾಗಿ ಮುಗಿದವು. ಮೂರನೆಯದು ಡೊಂಬಿವಲಿಯಲ್ಲಿ. ಭಾನುವಾರ, ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಬೇರೆ, ಹಾಗಾಗಿ ಐದು ಗಂಟೆಗೇ ವ್ಯಾನ್ ಹತ್ತಿದ್ದೆವು. ಮದುಮಗಳಿಗೆ ತಂದೆ ಇರಲಿಲ್ಲ. ಧಾರೆ ಎರೆದು ಕೊಡುವವರು ಅಜ್ಜ, ಊರಿಂದ ಅದಕ್ಕೆಂದೇ ಬಂದಿದ್ದರು. ಹಿಂದಿನ ದಿನವೇ ಅವಳು ನನ್ನನ್ನು ಕರೆದು, "ಅಣ್ಣಾ, ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಅಜ್ಜನದ್ದು ಬಿಡಬೇಡಿ" ಎಂದಿದ್ದಳು. ನಾನು ಆಯ್ತಮ್ಮಾ ಎಂದಿದ್ದೆ.

ಮುಹೂರ್ತ 11:20ಕ್ಕೆ. 11:17ಕ್ಕೆ ರೆಕಾರ್ಡ್ ಒತ್ತಿದೆ. ಮಂಟಪದ ಎಡಗಡೆ, ಟ್ರೈಪಾಡ್ ಮೇಲೆ, ಫ್ರೇಮ್ ಚೆನ್ನಾಗಿ ಕೂತಿತ್ತು. ಕೈ ಮೇಲೆ ಕೈ ಇಟ್ಟರು. ವಾಲಗ ಏರಿತು. ಅಜ್ಜ ಗಿಂಡಿ ಎತ್ತಿದರು, ಕೈ ನಡುಗುತ್ತಿತ್ತು, ಅಜ್ಜಿ ಪಕ್ಕದಿಂದ ಆಸರೆ ಕೊಟ್ಟರು. ಅಷ್ಟರಲ್ಲಿ ಸ್ಕ್ರೀನ್ ಮೇಲೆ ಒಂದು ಸಾಲು ಬಂತು. ಕಾರ್ಡ್ ಬರೆಯುವ ವೇಗ ಸಾಲದೆ ರೆಕಾರ್ಡಿಂಗ್ ರದ್ದಾಗಿದೆ ಎಂಬ ಅರ್ಥದ ಸಾಲು. ಕೆಂಪು ಚುಕ್ಕೆ ಇಲ್ಲ.

ಒಂದು ಕ್ಷಣ ಏನೂ ತೋಚಲಿಲ್ಲ. ಮತ್ತೆ ಒತ್ತಿದೆ. ಓಡಿತು. ಉಸಿರು ಬಿಟ್ಟೆ. ಹತ್ತು ಹನ್ನೆರಡು ಸೆಕೆಂಡಿಗೆ ಮತ್ತೆ ನಿಂತಿತು. ಇನ್ನೊಮ್ಮೆ ಒತ್ತಿದೆ, ಈ ಸಲ ಇನ್ನೂ ಬೇಗ ನಿಂತಿತು. ಆಗ ನಾನು ಮಾಡಿದ ನಿರ್ಧಾರವೇ ಇವತ್ತಿಗೂ ಚುಚ್ಚುವುದು. ಕಾರ್ಡ್ ಕೆಟ್ಟಿದೆ ಎಂದುಕೊಂಡೆ. ಬದಲಿಸಲು ಹೋದೆ. ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದೆ, ಆದರೆ ಎರಡನೆಯದು ಖಾಲಿ. ಕಾರ್ಡ್ ಸಾಲುವುದಿಲ್ಲ ಎಂದು ನಾವು ಅದನ್ನು ಯಾವಾಗಲೂ ಖಾಲಿಯೇ ಬಿಡುತ್ತಿದ್ದೆವು. ಪೌಚ್ ಬ್ಯಾಗ್‌ನಲ್ಲಿ, ಬ್ಯಾಗ್ ಮಂಟಪದ ಹಿಂದೆ. ಜನರ ನಡುವೆ ನುಗ್ಗಿ ಹೋಗಿ ತಂದೆ. ಬೆವರಿದ ಬೆರಳಿಗೆ ಕಾರ್ಡ್ ಸಿಗುತ್ತಿರಲಿಲ್ಲ. ಹಾಕಿದೆ, ಒತ್ತಿದೆ. ಅದೂ ಅದೇ ಲಾಟಿನದು. ಅದೂ ನಿಂತಿತು.

ಮೆನುವಿನಲ್ಲಿ 400ರಿಂದ 100ಕ್ಕೆ ಇಳಿಸಿದ್ದರೆ ಮೊದಲ ಕಾರ್ಡೇ ಆರಾಮಾಗಿ ಓಡುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ಸ್ಕ್ರೀನ್ ಮೇಲೆ ವೇಗ ಸಾಲದು ಎಂದು ಬರೆದೇ ಇತ್ತಲ್ಲ! ಓದಿದೆ, ಆದರೆ ತಲೆಗೆ ಹೋಗಲಿಲ್ಲ. ಕೊನೆಗೆ ಹೊಳೆದು ಇಳಿಸುವ ಹೊತ್ತಿಗೆ ಅಜ್ಜ ಗಿಂಡಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಬಿ-ಕ್ಯಾಮ್, ಅಂದರೆ ಎರಡನೇ ಕ್ಯಾಮೆರಾದ ಹುಡುಗ ಗಿಂಬಲ್ ಹಿಡಿದು ನೆಂಟರ ಮುಖಗಳ ಕಡೆ ತಿರುಗಿದ್ದ. ಅವನಿಗೆ ಹಾಗೆ ಹೇಳಿದ್ದವನು ನಾನೇ.

ಆ ರಾತ್ರಿ ಯಜಮಾನರಿಗೆ ಫೋನ್ ಮಾಡಿದೆ. ಅವರು ಕೂಡಲೇ, "ಡುಪ್ಲಿಕೇಟ್ ಕಾರ್ಡ್ ಕೊಟ್ಟಿದ್ದಾನೆ, ನಾಳೆ ಹೋಗಿ ಕೇಳು" ಎಂದರು. ನನಗೂ ಅದೇ ಬೇಕಿತ್ತು. ತಪ್ಪು ಬೇರೆಯವರದ್ದಾದರೆ ನಿದ್ದೆ ಬರುತ್ತದೆ. ಸೋಮವಾರ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿ ಸ್ಟೇಷನ್‌ಗೆ ಹೋದೆ. ಬೋರಾ ಬಜಾರ್‌ನ ಆ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ದನಿ ಎತ್ತಿದೆ.

ಅಂಗಡಿಯವರು ಮಾತಿಗೆ ಮಾತು ಬೆಳೆಸಲಿಲ್ಲ. ಒಂದು ಕಾರ್ಡ್ ತೆಗೆದುಕೊಂಡು ಲ್ಯಾಪ್‌ಟಾಪ್‌ಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದರು. ನಕಲಿ ಕಾರ್ಡ್ ಆದರೆ 128 ಜಿಬಿ ಎಂದು ತೋರಿಸುತ್ತದೆ, ಒಳಗೆ ಎಷ್ಟೋ ಕಡಿಮೆ ಇರುತ್ತದೆ, ತುಂಬುತ್ತಾ ಹೋದ ಹಾಗೆ ಫೈಲ್ ಹಾಳಾಗುತ್ತದೆ. ಈ ಪ್ರೋಗ್ರಾಂ ಇಡೀ ಕಾರ್ಡ್ ತುಂಬಿಸಿ ಮತ್ತೆ ಓದಿ ನೋಡುತ್ತದೆ. ಮುಗಿಯುವಷ್ಟು ಹೊತ್ತು ನನಗೆ ಚಹಾ ತರಿಸಿದರು. ಕಾರ್ಡ್ ಪೂರ್ತಿ ಸರಿಯಿತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಬಿಟ್‌ರೇಟ್ ಕಿತ್ನಾ ರಖತೇ ಹೋ?" ಎಷ್ಟು ಇಡುತ್ತೀರಿ ಎಂದು.

ನಾನು 400 ಎಂದೆ. ಅವರು ಕಾರ್ಡ್ ತಿರುಗಿಸಿ ಮೂಲೆಯಲ್ಲಿದ್ದ ಸಣ್ಣ ಗುರುತನ್ನು ಉಗುರಿನಿಂದ ತೋರಿಸಿದರು. ವಿ30.

ಲೆಕ್ಕ ಇಷ್ಟೇ. ಕ್ಯಾಮೆರಾದ 400 ಮೆಗಾಬಿಟ್‌ನದು. ಕಾರ್ಡ್ ಮೇಲಿನದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ 400 ಅಂದ್ರೆ ಸೆಕೆಂಡಿಗೆ 50 ಎಂಬಿ, ಅದೂ ಬಿಡದೆ. ವಿ30 ಕಾರ್ಡ್ ಮಾತು ಕೊಡುವುದು 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂದು ಮಾತ್ರ. ಮೇಲೆ ಓಡಬಹುದು, ಸ್ವಲ್ಪ ಹೊತ್ತು. ನನ್ನ ಎರಡು ನಿಮಿಷದ ಟೆಸ್ಟ್ ಪಾಸಾಗಿದ್ದು ಹಾಗೆ. ವಿ60 ಆದರೆ 60, ವಿ90 ಆದರೆ 90. ಯು ಒಳಗೆ 3 ಇದ್ದರೆ ಅದೂ 30ರ ಮಾತೇ. ಯು1 ಮತ್ತು ಕ್ಲಾಸ್ 10, ಎರಡೂ 10. ಜಿಎಚ್5ರ 400ಕ್ಕೆ ವಿ60 ಬೇಕು ಎಂದು ಕ್ಯಾಮೆರಾ ಕಂಪನಿಯೇ ಹೇಳಿದೆ. ನಾನು ಓದಿರಲಿಲ್ಲ.

ಹಾಗಾದರೆ ಆ 170? ಅದು ಓದುವ ವೇಗ. ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಡಂಪ್ ಮಾಡುವಾಗ ಸಿಗುವುದು, ಅದೂ ಆ ಕಂಪನಿಯದ್ದೇ ರೀಡರ್ ಇದ್ದರೆ. ಈ ಕಾರ್ಡ್‌ಗಳು ಯುಎಚ್‌ಎಸ್-1 ಎಂಬ ಬಗೆಯವು, ಅವಕ್ಕೆ ನಿಯಮದ ಪ್ರಕಾರ ಇರುವ ದಾರಿಯೇ ಸೆಕೆಂಡಿಗೆ 104 ಎಂಬಿಯದು. ಶೂಟ್ ಮಾಡುವವನಿಗೆ ಬೇಕಾದ ಸಂಖ್ಯೆ ಮೂಲೆಯಲ್ಲಿ ಸಣ್ಣದಾಗಿ, ಬೇಡದ್ದು ನಡುವೆ ದೊಡ್ಡದಾಗಿ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಮದುವೆ ಶೂಟ್ ಮಾಡುವ ಎಷ್ಟು ಹುಡುಗರು ಹೀಗೆ ಮೋಸಹೋಗಿದ್ದಾರೋ.

ಅಂಗಡಿಯವರ ಹತ್ತಿರ ಕ್ಷಮೆ ಕೇಳಿದೆ. ಎಲ್ಲರ ಮುಂದೆ ಕೂಗಿದ್ದೆ, ಎಲ್ಲರ ಮುಂದೆಯೇ ಕೇಳಿದೆ. ಈಗ ಕಾರ್ಡ್ ಬೇಕಾದರೆ ಅವರ ಅಂಗಡಿಗೇ ಹೋಗುವುದು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮೊದಲ ಎರಡು ಮದುವೆಯಲ್ಲಿ ಓಡಿದ್ದು ಮೂರನೆಯದರಲ್ಲಿ ಯಾಕೆ ನಿಂತಿತು? ಅದಕ್ಕೆ ಕಾರಣ ನಮ್ಮ ಸ್ಟುಡಿಯೋದ ಒಂದು ನಿಯಮ ಎಂದೇ ನನಗನಿಸುವುದು. ಅದಕ್ಕೂ ಮೊದಲೊಮ್ಮೆ ಒಬ್ಬ ಹುಡುಗ ಕಾಪಿ ಆಗದ ಮೆಹೆಂದಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಅದರ ಮೇಲೇ ಮತ್ತೆ ಶೂಟ್ ಮಾಡಿದ್ದ. ಫಾರ್ಮ್ಯಾಟ್ ಆದ ತಕ್ಷಣ ಕಾರ್ಡ್ ತೆಗೆದಿಟ್ಟಿದ್ದರೆ ಹೆಚ್ಚಿನ ಫೋಟೋ ವಾಪಸ್ ಬರುತ್ತಿತ್ತು. ಕ್ಯಾಮೆರಾದ ಫಾರ್ಮ್ಯಾಟ್ ಸಾಮಾನ್ಯವಾಗಿ ಫೈಲ್‌ಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಒಳಗಿನದು ಇರುತ್ತದೆ. ಅದರ ಮೇಲೆ ಹೊಸದು ಬರೆದರೆ ಮಾತ್ರ ಹೋಯಿತು. ಅಳಿದ ಫೈಲ್ ಹುಡುಕುವ ಫೋಟೋರೆಕ್ ಪ್ರೋಗ್ರಾಂ ಹಾಕಿ ಸಿಕ್ಕಷ್ಟು ತೆಗೆದೆವು. ಆಮೇಲೆ ಯಜಮಾನರ ಆರ್ಡರ್, ಇನ್ಮೇಲೆ ಯಾರೂ ಫಾರ್ಮ್ಯಾಟ್ ಮಾಡಬಾರದು. ಹಾಗಾಗಿ ಎಲ್ಲರೂ ಲ್ಯಾಪ್‌ಟಾಪ್‌ನಲ್ಲಿ ಬೇಕಾದ್ದು ಬಿಟ್ಟು ಬೇಡದ್ದು ಡಿಲೀಟ್ ಮಾಡುತ್ತಿದ್ದೆವು. ಅಲ್ಲೊಂದು ತುಂಡು, ಇಲ್ಲೊಂದು ತುಂಡು ಜಾಗ ಖಾಲಿಯಾಗುತ್ತದೆ. ಹಾಗೆ ಚೂರುಚೂರಾದ ಕಾರ್ಡ್‌ನಲ್ಲಿ ಬರೆಯುವ ವೇಗ ಇನ್ನೂ ಇಳಿಯುತ್ತದೆ. ಆ ದಿನದ ಎರಡು ಕಾರ್ಡಿನಲ್ಲೂ ಹಳೇ ಕ್ಲಿಪ್‌ಗಳಿದ್ದವು.

ಯಜಮಾನರ ಜೊತೆ ಈ ಬಗ್ಗೆ ಎರಡು ದಿನ ಜಗಳವಾಡಿದೆ. ಒಳ್ಳೆಯ ಮನುಷ್ಯ, ಆದರೆ ಒಂದು ತಪ್ಪು ಆದರೆ ಕೆಲಸವನ್ನೇ ನಿಲ್ಲಿಸುವ ನಿಯಮ ಮಾಡುತ್ತಾರೆ. ಕೊನೆಗೆ ಒಪ್ಪಿದರು. ಈಗ ಫಾರ್ಮ್ಯಾಟ್ ಮಾಡುವವನು ಒಬ್ಬನೇ, ನಾನು. ಎರಡು ಡ್ರೈವ್‌ಗೆ ಕಾಪಿಯಾಗಿ, ಎಡಿಟರ್ ಕ್ಲಿಪ್ ತೆರೆದು ನೋಡಿ, ಹೂಂ ಎಂದ ಮೇಲೆ ಮಾತ್ರ. ಯಾವ ಕ್ಯಾಮೆರಾದಲ್ಲಿ ಬಳಸುತ್ತೇವೋ ಅದರಲ್ಲೇ ಫಾರ್ಮ್ಯಾಟ್. ಶೂಟ್ ಆದ ಕಾರ್ಡಿನ ಲಾಕ್ ಕೆಳಗಿಳಿಸಿ ಕೆಂಪು ಪೌಚ್‌ಗೆ. ಕ್ಯಾಮೆರಾ ಡಯಲ್‌ನ ಸಿ2ರಲ್ಲಿ 4ಕೆ 100 ಸೇವ್ ಮಾಡಿಟ್ಟೆವು, ತೊಂದರೆಯಾದರೆ ಡಯಲ್ ತಿರುಗಿಸಿದರೆ ಸಾಕು.

ಎರಡನೇ ಸ್ಲಾಟ್ ಈಗ ಖಾಲಿ ಬಿಡುವುದಿಲ್ಲ. ಅದಕ್ಕೂ ಜಗಳವಾಡಬೇಕಾಯಿತು. 400ರಲ್ಲಿ 128 ಜಿಬಿ ಕಾರ್ಡ್ ಸುಮಾರು 42 ನಿಮಿಷಕ್ಕೆ ತುಂಬುತ್ತದೆ. ಅದೇ 100ರಲ್ಲಿ ಎರಡೂ ಮುಕ್ಕಾಲು ಗಂಟೆ. ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಯಜಮಾನರು ನಾಲ್ಕು ವಿ60 ತೆಗೆದುಕೊಟ್ಟರು. ಅವುಗಳ ಹಿಂಬದಿಯಲ್ಲಿ ಪಿನ್ನುಗಳು ಎರಡು ಸಾಲು ಇರುತ್ತವೆ. ರೀಡರ್ ಕೂಡ ಅದಕ್ಕೆ ತಕ್ಕದ್ದೇ ಬೇಕು, ಇಲ್ಲದಿದ್ದರೆ ಡಂಪ್ ನಿಧಾನ.

ಮದುಮಗಳ ಮನೆಗೆ ನಾನೇ ಹೋಗಿ ಹೇಳಿದೆ. ಡೆಲಿವರಿ ದಿನ ಹೇಳೋಣ ಎಂದು ಯಜಮಾನರು ಅಂದಿದ್ದರು, ನನಗೆ ಆಗಲಿಲ್ಲ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಅವಳ ತಾಯಿ, "ಆಡಿಯೋ ಇದೆಯಾ?" ಎಂದು ಕೇಳಿದರು. ಇತ್ತು. ಮಂಟಪದ ಕಂಬಕ್ಕೆ ಕಟ್ಟಿದ್ದ ರೆಕಾರ್ಡರ್ ನಿಂತಿರಲಿಲ್ಲ. ಕ್ಯಾಂಡಿಡ್ ಫೋಟೋಗ್ರಾಫರ್ ತೆಗೆದ ಹನ್ನೊಂದು ಫೋಟೋ ಇದ್ದವು, ನೆಂಟರೊಬ್ಬರ ಮೊಬೈಲ್ ವಿಡಿಯೋ ಸಿಕ್ಕಿತು, ಅರ್ಧ ಯಾರದೋ ತಲೆ ಅಡ್ಡ. ಎಡಿಟರ್ ಮೂರನ್ನೂ ಸೇರಿಸಿದ. ಅಜ್ಜನ ಫೋಟೋ ಮೇಲೆ ಗಿಂಡಿಯಿಂದ ನೀರು ಬೀಳುವ ಸದ್ದು ಕೇಳುತ್ತದೆ. ಅದು ಚೆನ್ನಾಗಿದೆ ಎಂದು ಅವರು ಹೇಳಿದರು. ಆದರೂ ಅದು ನಾನು ಕೊಡುತ್ತೇನೆ ಎಂದಿದ್ದು ಅಲ್ಲ.

ಆ ಐದು ಕಾರ್ಡ್ ಏನಾದವು ಎಂದು ಹುಡುಗ ಕೇಳಿದ. ಅವನ ಕೈಯಲ್ಲಿದ್ದದ್ದು ಅವುಗಳಲ್ಲೇ ಒಂದು. ಬಿ-ಕ್ಯಾಮ್‌ನಲ್ಲಿ 100ರ ಮೇಲೆ ಇಡದೆ ಮೂರು ವರ್ಷದಿಂದ ಓಡಿಸುತ್ತಿದ್ದೇವೆ. ಒಂದು ಸಲವೂ ನಿಂತಿಲ್ಲ.