ಸ್ಟೇಷನ್ನಿನಲ್ಲಿ ನಿಮಗೆ ಯಾರಾದರೂ ಗೊತ್ತಾ?

ನನ್ನ ತಂದೆ ಬೆಂಗಳೂರು ನಗರ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು, ನಾನು ಹದಿನೇಳು ವರ್ಷಗಳಿಂದ ಇದೇ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿರುವವಳು. ಈ ಎರಡು ಸಂಗತಿ ತಿಳಿದವರೆಲ್ಲ ಒಂದಲ್ಲ ಒಂದು ದಿನ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: “ಸ್ಟೇಷನ್ನಲ್ಲಿ ನಿಮಗೆ ಯಾರಾದ್ರೂ ಗೊತ್ತಾ?” ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದ್ದಾರೆ, ರಾತ್ರಿ ಹನ್ನೊಂದಕ್ಕೆ ಕೇಳಿದ್ದಾರೆ, ತಂದೆಯ ತಿಥಿಗೆ ಬಂದವರೂ ಕೇಳಿದ್ದಾರೆ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ನನಗೆ ಯಾರೂ ಗೊತ್ತಿಲ್ಲ. ಗೊತ್ತಿರುವ ಒಬ್ಬಿಬ್ಬರಿಗೂ ನಿಮ್ಮ ಪರವಾಗಿ ನಾನು ಫೋನ್ ಮಾಡುವುದಿಲ್ಲ. ಇದನ್ನು ಸೊಕ್ಕು ಎಂದುಕೊಂಡವರಿದ್ದಾರೆ, ಒಬ್ಬ ಸಂಬಂಧಿಕರು ಎರಡು ವರ್ಷ ಮಾತು ಬಿಟ್ಟಿದ್ದರು. ಆದರೂ ಉತ್ತರ ಬದಲಾಗುವುದಿಲ್ಲ.

ಅಂಚೆ ಕಚೇರಿಗೆ ಹೋಗುವ ಮುನ್ನ ಅಲ್ಲಿ ಯಾರಾದರೂ ಗೊತ್ತಿದ್ದಾರೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಕಾಗದದ ಮೇಲೆ ಅಂಚೆಚೀಟಿ ಅಂಟಿಸಿದರೆ ಸಾಕು, ಅದು ಹೋಗುತ್ತದೆ ಎಂಬ ಭರವಸೆ ಎಲ್ಲರಿಗೂ ಇದೆ. ಪೊಲೀಸ್ ಠಾಣೆಯ ವಿಷಯದಲ್ಲಿ ಮಾತ್ರ ಓದಿದವರು, ಓದದವರು, ಅಪಾರ್ಟ್‌ಮೆಂಟಿನವರು, ವಠಾರದವರು ಎಲ್ಲರೂ ಪರಿಚಯದ ಮಾತಿನಿಂದಲೇ ಶುರು ಮಾಡುತ್ತಾರೆ. ತಮಗೆ ಹಕ್ಕಿನಿಂದ ಸಿಗಬೇಕಾದ್ದು ಶಿಫಾರಸಿನಿಂದಷ್ಟೇ ಸಿಗುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡು ಬಿಟ್ಟಿರುತ್ತಾರೆ. ನನಗೆ ಸಿಟ್ಟು ಬರುವುದು ಆ ಒಪ್ಪಿಗೆಯ ಮೇಲೆ. ಪರಿಚಯದ ದಾರಿಯಲ್ಲಿ ನೀವೊಬ್ಬರೇ ನಡೆಯುತ್ತಿರುವುದಿಲ್ಲ ಎಂಬುದನ್ನೂ ನೆನಪಿಡಿ. ನಿಮಗೆ ಒಬ್ಬ ಕಾನ್‌ಸ್ಟೆಬಲ್ ಗೊತ್ತಿದ್ದರೆ ಎದುರಿನವರಿಗೆ ಎಸಿಪಿ ಗೊತ್ತಿರುತ್ತಾರೆ, ನೀವು ಎಸಿಪಿಯನ್ನು ಹಿಡಿದರೆ ಅವರು ಶಾಸಕರ ಮನೆಯ ಹಜಾರದಲ್ಲಿ ಕೂತಿರುತ್ತಾರೆ.

2024ರ ಕೊನೆಯಲ್ಲಿ ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ನನ್ನ ಹತ್ತಿರ ಬಂದಳು. ರಾತ್ರಿ ಎಂಟೂವರೆಗೆ ಬಸ್ ಇಳಿದು ಮನೆಯ ಕಡೆ ನಡೆಯುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಅವಳ ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಹೋಗಿದ್ದರು. ಇನ್ನೂ ಐದು ಕಂತು ಕಟ್ಟುವುದು ಬಾಕಿ ಇದ್ದ ಫೋನ್ ಅದು. ಅವಳು ಅಳುತ್ತ ಕೂರದೆ ನೇರವಾಗಿ ಠಾಣೆಗೆ ಹೋದಳು. ಅಲ್ಲಿ “ಇದು ನಮ್ಮ ಲಿಮಿಟ್ಸ್ ಅಲ್ಲ, ರಸ್ತೆಯ ಆ ಕಡೆ ಬೇರೆ ಸ್ಟೇಷನ್ ಬರುತ್ತೆ” ಎಂದರಂತೆ. ಇನ್ನೊಂದು ಠಾಣೆಯನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಹತ್ತು ಗಂಟೆ. ಮಗನ ನೋಟ್‌ಬುಕ್ಕಿನಿಂದ ಹರಿದ ಗೆರೆಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಅವಳೇ ದೂರು ಬರೆದಳು. ಅದನ್ನು ಓದಿದ ರೈಟರ್, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸ್ ಸಿಬ್ಬಂದಿ, “ಕಳೆದುಹೋಗಿದೆ ಅಂತ ಬರೆದುಕೊಡಮ್ಮ, ಸಿಮ್ ತಗೊಳ್ಳೋಕೆ ಅಷ್ಟು ಸಾಕು” ಎಂದರು.

ಆ ಹಾಳೆಯನ್ನು ಅವಳು ನನಗೆ ತೋರಿಸಿದಳು. ನೀಲಿ ಶಾಯಿಯ “ಕಿತ್ತುಕೊಂಡು ಹೋದರು” ಎಂಬ ಎರಡು ಪದಗಳ ಮೇಲೆ ಕಪ್ಪು ಪೆನ್ನಿನಿಂದ ಒಂದು ಗೆರೆ ಎಳೆದು, ಅದರ ಮೇಲ್ಗಡೆ ಬೇರೆಯವರ ಅಕ್ಷರದಲ್ಲಿ “ಕಳೆದುಹೋಗಿರುತ್ತದೆ” ಎಂದು ಬರೆಯಲಾಗಿತ್ತು. ಗೆರೆ ನೇರವಾಗಿತ್ತು, ಆತುರದ್ದಲ್ಲ, ಸ್ಕೇಲ್ ಇಟ್ಟು ಎಳೆದಂತಿತ್ತು. ಅವಳು ಆ ಹಾಳೆಗೆ ಸಹಿ ಹಾಕದೆ ವಾಪಸ್ ತಂದಿದ್ದಳು. ನನ್ನ ಹದಿನೇಳು ವರ್ಷದ ವಕೀಲಿಯಲ್ಲಿ ಕಕ್ಷಿದಾರರ ಧೈರ್ಯವನ್ನು ಕಂಡು ನನ್ನ ಗಂಟಲು ಕಟ್ಟಿದ್ದು ಕೆಲವೇ ಸಲ, ಅದರಲ್ಲಿ ಇದೂ ಒಂದು. ಅಷ್ಟೆಲ್ಲ ಮಾಡಿದವಳು ಕೊನೆಗೆ ನನ್ನನ್ನು ಕೇಳಿದ್ದೂ ಅದೇ ಪ್ರಶ್ನೆ: “ಮೇಡಂ, ಅಲ್ಲಿ ನಿಮಗೆ ಯಾರಾದ್ರೂ ಗೊತ್ತಾ?”

ಕಾನೂನು ಅವಳ ಪರವಾಗಿ ಪೂರ್ತಿಯಾಗಿ ಇತ್ತು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಅಂದರೆ ಸಂಜ್ಞೇಯ, ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಅದೇ ದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದನ್ನೇ 304ನೆಯ ಕಲಮಿನಲ್ಲಿ ಪ್ರತ್ಯೇಕ ಅಪರಾಧವೆಂದು ಹೆಸರಿಸಲಾಗಿದೆ. ಹೀಗಿರುವಾಗ “ಲಿಮಿಟ್ಸ್” ಎಂಬ ಮಾತಿಗಾಗಲಿ “ಕಳೆದುಹೋಗಿದೆ” ಎಂಬ ತಿದ್ದುಪಡಿಗಾಗಲಿ ಯಾವ ಆಧಾರವೂ ಇರಲಿಲ್ಲ.

ಹಾಗಾದರೆ ಆ ರೈಟರ್ ಯಾಕೆ ಗೆರೆ ಎಳೆದರು? ಮಾರನೆಯ ದಿನ ಅವಳ ಜೊತೆ ಠಾಣೆಗೆ ಹೋದಾಗ ಅವರನ್ನು ನೋಡಿದೆ. ಕೆಂಪಗಾದ ಕಣ್ಣು, ಎರಡು ದಿನ ಬಂದೋಬಸ್ತ್ ಮುಗಿಸಿ ಬಂದ ಮುಖ. ಆ ಮುಖ ನನಗೆ ಚಿಕ್ಕಂದಿನಿಂದ ಗೊತ್ತು. ಗಣೇಶನ ಹಬ್ಬಕ್ಕೆ ನನ್ನ ತಂದೆ ಮನೆಯಲ್ಲಿದ್ದ ಒಂದು ವರ್ಷವೂ ನನಗೆ ನೆನಪಿಲ್ಲ, ಏಕೆಂದರೆ ಬೇರೆಯವರ ಗಣೇಶ ನೀರು ಸೇರುವವರೆಗೂ ಅವರು ಕೆರೆಯ ದಂಡೆಯ ಮೇಲೆ ನಿಂತಿರುತ್ತಿದ್ದರು. ಆದರೂ ದಣಿವೊಂದೇ ಕಾರಣವಲ್ಲ. ದಾಖಲಾದ ಪ್ರತಿಯೊಂದು ಕಳವು ಠಾಣೆಯ ಲೆಕ್ಕಕ್ಕೆ ಸೇರುತ್ತದೆ, ಅಪರಾಧ ವಿಮರ್ಶೆಯ ಸಭೆಯಲ್ಲಿ ಆ ಅಂಕಿಯನ್ನು ಹಿಡಿದು ಇನ್‌ಸ್ಪೆಕ್ಟರನ್ನು ನಿಲ್ಲಿಸಿ ಕೇಳುತ್ತಾರೆ, ಅಂಕಿ ಏರಿದರೆ ಠಾಣೆ ಕೆಟ್ಟಿದೆ ಎಂದು ಪತ್ರಿಕೆಗಳೂ ಬರೆಯುತ್ತವೆ. ದೂರನ್ನು ಪ್ರಾಮಾಣಿಕವಾಗಿ ಬರೆದುಕೊಂಡ ಠಾಣೆಗೆ ಛೀಮಾರಿ, ಬರೆದುಕೊಳ್ಳದ ಠಾಣೆಗೆ ಶಾಂತ ಠಾಣೆಯೆಂಬ ಹೆಸರು. “ಕಳೆದುಹೋಗಿದೆ” ಎಂದು ಬರೆಸಿಕೊಂಡರೆ ಕಳ್ಳನೂ ಇಲ್ಲ, ತನಿಖೆಯೂ ಇಲ್ಲ, ಬಾಕಿ ಪ್ರಕರಣವೂ ಇಲ್ಲ. ಆ ಗೆರೆಯನ್ನು ಎಳೆಯುವ ಅಭ್ಯಾಸ ಆ ಒಬ್ಬ ರೈಟರಿನಿಂದ ಹುಟ್ಟಿದ್ದಲ್ಲ.

ಇಲ್ಲಿಗೆ ಬಂದಾಗ ಕೆಲವರು “ನೀವು ಪೊಲೀಸರ ಮಗಳು, ಅವರ ಪರವೇ ಮಾತಾಡುತ್ತೀರಿ” ಎನ್ನುತ್ತಾರೆ. ಹೌದು, ಕಾನ್‌ಸ್ಟೆಬಲ್ಲುಗಳ ಪರವಾಗಿ ಮಾತಾಡುತ್ತೇನೆ. ಪೊಲೀಸರಿಗೆ ಸಂಘ ಕಟ್ಟುವ ಹಕ್ಕನ್ನು 1966ರ ಕೇಂದ್ರ ಕಾಯ್ದೆ ಬಿಗಿಯಾಗಿ ನಿರ್ಬಂಧಿಸಿದೆ. ಅದರ ನಡುವೆಯೇ 2016ರ ಜೂನ್ 4ರಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕಲು ಮುಂದಾದರು. ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ ಅವರ ದೂರುಗಳಾಗಿದ್ದವು. ಸಂಬಳದ ವಿಷಯದಲ್ಲಿ ಔರಾದ್ಕರ್ ಸಮಿತಿ ವರದಿ ಕೊಟ್ಟಿತು, ಅದು ಜಾರಿಗೆ ಬರುವಾಗ 2019 ಆಗಿತ್ತು. 2025ರಲ್ಲಿ ಕಾನ್‌ಸ್ಟೆಬಲ್ಲುಗಳ ಅಗಲ ಅಂಚಿನ ಹಳೆಯ ಟೋಪಿ ಹೋಗಿ ಪೀಕ್ ಕ್ಯಾಪ್ ಬಂತು. ತಂದೆಯ ಟೋಪಿ ಈಗಲೂ ನಮ್ಮ ಮನೆಯ ಮೊಳೆಯಲ್ಲಿದೆ, ಅದರ ಪಟ್ಟಿ ಉಜ್ಜಿ ಅವರ ಗದ್ದದ ಕೆಳಗೆ ಒಂದು ಕಪ್ಪು ಗುರುತೇ ಉಳಿದಿತ್ತು. ಆದ್ದರಿಂದ ಟೋಪಿ ಬದಲಾದ ಸುದ್ದಿ ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಒಳ್ಳೆಯ ಟೋಪಿ ತೊಟ್ಟವರ ಕೈಯಲ್ಲಿ ಅದೇ ಕಪ್ಪು ಪೆನ್ನು ಇದ್ದರೆ ಆ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಏನು ಬದಲಾದಂತಾಯಿತು?

ಯಾರಾದರೂ ಗೊತ್ತಾ ಎಂದು ಕೇಳುವ ಬದಲು ಜನ ನನ್ನನ್ನು ಬೇರೊಂದು ಪ್ರಶ್ನೆ ಕೇಳಬೇಕೆಂದು ನನಗೆ ಬಹಳ ದಿನಗಳ ಆಸೆ. ನಮ್ಮ ಠಾಣೆಗೆ ಈ ಇನ್‌ಸ್ಪೆಕ್ಟರನ್ನು ಕಳಿಸಿದವರು ಯಾರು, ಎಷ್ಟು ದಿನಕ್ಕೆ ಕಳಿಸಿದ್ದಾರೆ, ಅವರನ್ನು ಎತ್ತಂಗಡಿ ಮಾಡುವವರು ಯಾರು? ಈ ಪ್ರಶ್ನೆಯನ್ನು ಇಂದಿಗೂ ಯಾರೂ ನನಗೆ ಕೇಳಿಲ್ಲ.

ಇಲಾಖೆಯಲ್ಲಿ ಎಲ್ಲರ ಬಾಯಲ್ಲಿರುವ ಒಂದು ಮಾತು “ಮಿನಿಟ್”. ಇಂಥವರನ್ನು ಇಂಥ ಠಾಣೆಗೆ ಹಾಕಿ ಎಂದು ಜನಪ್ರತಿನಿಧಿ ಬರೆದುಕೊಡುವ ಶಿಫಾರಸು ಪತ್ರಕ್ಕೆ ಆ ಹೆಸರು. ಒಂದು ನಿವೇಶನಕ್ಕೆ ಕೋಟಿ ಬೆಲೆಯಿರುವ ಊರಿನಲ್ಲಿ ಸಿವಿಲ್ ವ್ಯಾಜ್ಯಗಳು ಠಾಣೆಯ ಮೇಜಿಗೆ ಬಂದು ಕೂರುತ್ತವೆ. ಅಂಥ ಕಡೆ ಯಾರು ಇನ್‌ಸ್ಪೆಕ್ಟರ್ ಆಗುತ್ತಾರೆ ಎಂಬುದರಲ್ಲಿ ಎಷ್ಟು ಜನರ ಹಿತ ಅಡಗಿದೆ ಎಂದು ಊಹಿಸುವುದು ಕಷ್ಟವಲ್ಲ. ಪತ್ರದ ಬಲದಿಂದ ಬಂದವರು ಪತ್ರ ಬರೆದವರಿಗೇ ಉತ್ತರ ಕೊಡಬೇಕಾಗುತ್ತದೆ. ನೀವು ನನ್ನನ್ನು ಪರಿಚಯದವರು ಯಾರೆಂದು ಕೇಳುವ ಮೊದಲೇ ಆ ಅಧಿಕಾರಿಯೂ ಇನ್ನೊಬ್ಬರನ್ನು ಅದೇ ಪ್ರಶ್ನೆ ಕೇಳಿಕೊಂಡು ಆ ಕುರ್ಚಿಗೆ ಬಂದಿರಬಹುದು. ಪೊಲೀಸ್ ಕೆಲಸಕ್ಕೆ ಸೇರುವ ಬಾಗಿಲೂ ಶುದ್ಧವಾಗಿರಲಿಲ್ಲ ಎಂಬುದನ್ನು 545 ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ತೋರಿಸಿತು. ಅದರ ಅಕ್ರಮದ ತನಿಖೆಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೊಬ್ಬರನ್ನು 2022ರ ಜುಲೈನಲ್ಲಿ ಸಿಐಡಿ ಬಂಧಿಸಿತು, ಪರೀಕ್ಷೆಯನ್ನು ಮತ್ತೆ ನಡೆಸಬೇಕಾಯಿತು.

ಇದಕ್ಕೆ ಮದ್ದು ಏನೆಂದು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರು. ಠಾಣಾಧಿಕಾರಿಯೂ ಸೇರಿ ಕ್ಷೇತ್ರದಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಬೇಕು, ಪೊಲೀಸರ ವಿರುದ್ಧದ ದೂರುಗಳನ್ನು ಕೇಳಲು ನಿವೃತ್ತ ನ್ಯಾಯಾಧೀಶರ ಮುಂದಾಳತ್ವದಲ್ಲಿ ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರಗಳಿರಬೇಕು. ಕರ್ನಾಟಕವು 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ಆದರೆ ನನ್ನ ಕಚೇರಿಗೆ ಬರುವ ಕಕ್ಷಿದಾರರಲ್ಲಿ ಅದರ ಹೆಸರು ಕೇಳಿದ್ದೇನೆ ಎಂದವರನ್ನು ನಾನು ಕಂಡಿಲ್ಲ. ಉಳಿದ ಎರಡರ ಗತಿಯನ್ನು ಸಾಕ್ಷಿ ಕಟ್ಟೆಯಲ್ಲಿ ನೋಡಬಹುದು. ನನ್ನ ಒಂದೇ ಪ್ರಕರಣದಲ್ಲಿ ನಾಲ್ವರು ತನಿಖಾಧಿಕಾರಿಗಳು ಬಂದು, ಒಬ್ಬರಾದ ಮೇಲೊಬ್ಬರು “ಹಿಂದಿನ ತನಿಖಾಧಿಕಾರಿಯಿಂದ ಕಡತ ಪಡೆದು ತನಿಖೆ ಮುಂದುವರಿಸಿರುತ್ತೇನೆ” ಎಂದು ನುಡಿದು ಇಳಿದರು. ಘಟನಾ ಸ್ಥಳವನ್ನು ಕಣ್ಣಾರೆ ಕಂಡು ಮಹಜರು ಬರೆದವರಿಗೆ ಅಷ್ಟರಲ್ಲಿ ಮೂರು ವರ್ಗಾವಣೆ ಆಗಿತ್ತು. ಆರೋಪಿಗಳು ಬಿಡುಗಡೆಯಾದರು.

ಅವಧಿಯ ಭದ್ರತೆ ಅಧಿಕಾರಿಗಳ ಅನುಕೂಲದ ವಿಷಯ ಎಂದು ತಿಳಿದವರು 2025ರ ಜೂನ್ 4ನ್ನು ನೆನೆಯಲಿ. ಹಿಂದಿನ ರಾತ್ರಿ ಗೆದ್ದ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮಾರನೆಯ ದಿನ ನಗರ ಪೊಲೀಸ್ ಆಯುಕ್ತರೂ ಸೇರಿ ಹಲವು ಅಧಿಕಾರಿಗಳು ಅಮಾನತಾದರು, ಎರಡು ತಿಂಗಳು ತುಂಬುವ ಮೊದಲೇ ಅಮಾನತು ರದ್ದಾಯಿತು. ಯಾರ ತಪ್ಪು ಎಷ್ಟೆಂದು ತೂಗುವುದು ನ್ಯಾಯಾಲಯದ ಕೆಲಸ. ನನ್ನನ್ನು ಕಾಡುವುದು ಬೇರೆ: ಇಂದು ಬೇಡ, ಇಷ್ಟು ಜನರನ್ನು ನಿಭಾಯಿಸಲಾಗದು ಎಂದು ದೊಡ್ಡವರ ಮುಖಕ್ಕೆ ಹೇಳಿ, ಆಮೇಲೂ ಅದೇ ಕುರ್ಚಿಯಲ್ಲಿ ಉಳಿಯಬಲ್ಲೆ ಎಂಬ ಧೈರ್ಯ ನಮ್ಮ ಊರಿನ ಯಾವ ಪೊಲೀಸ್ ಅಧಿಕಾರಿಗಾದರೂ ಇದೆಯೇ? ಆ ಧೈರ್ಯ ಇಲ್ಲದ ಕಡೆ ಬಾಗಿಲಲ್ಲಿ ಸಾಯುವವರು ನಮ್ಮ ಮಕ್ಕಳು.

ಆ ಹೆಣ್ಣುಮಗಳ ದೂರಿಗೆ ಬರುತ್ತೇನೆ. ನಾವು ಹೋದ ದಿನ ಠಾಣೆಯಲ್ಲಿ, ಹಿಂದಿನ ರಾತ್ರಿ ಅವಳು ಬಂದೇ ಇರಲಿಲ್ಲ ಎಂದರು. ಯಾರ ಹೆಸರನ್ನೂ ಹೇಳದೆ, ಯಾರಿಗೂ ಫೋನ್ ಮಾಡದೆ ಹೊರಗೆ ಬಂದು, ಅವಳ ಕೈಯಿಂದಲೇ ದೂರನ್ನು ಮತ್ತೆ ಬರೆಸಿ ಡಿಸಿಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರೆದು ಕಳಿಸಲು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು 173ನೆಯ ಕಲಮಿನಲ್ಲೇ ದಾರಿಯಿದೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು ತಿಂಗಳುಗಟ್ಟಲೆ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದ್ದನ್ನು ಉಲ್ಲೇಖಿಸಿ, ಆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗಿನ ದೃಶ್ಯವನ್ನು ಅಳಿಸಬಾರದೆಂದು ಪತ್ರದಲ್ಲಿ ಕೇಳಿದ್ದೆವು. ಆ ಸಾಲಿನಿಂದಲೋ ಡಿಸಿಪಿ ಕಚೇರಿಯ ಕಾಳಜಿಯಿಂದಲೋ, ಎಂಟನೆಯ ದಿನ ಎಫ್‌ಐಆರ್ ಆಯಿತು. ಅದರಲ್ಲಿ “ಕಿತ್ತುಕೊಂಡು ಹೋಗಿರುತ್ತಾರೆ” ಎಂದೇ ಟೈಪ್ ಆಗಿತ್ತು.

ಫೋನ್ ಸಿಗಲಿಲ್ಲ. ಉಳಿದ ಐದು ಕಂತನ್ನೂ ಅವಳೇ ಕಟ್ಟಿದಳು. ಎಫ್‌ಐಆರ್ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಾಳೆ. ಕಳೆದ ತಿಂಗಳು ಅವಳಿಂದ ಮತ್ತೆ ಫೋನ್ ಬಂತು, ಪಕ್ಕದ ಮನೆಯವರ ಬೈಕ್ ಕಳುವಾಗಿತ್ತು, ಅವರನ್ನು ಕರೆದುಕೊಂಡು ಠಾಣೆಗೆ ಹೊರಟಿದ್ದಳು. ಅಲ್ಲಿ ಯಾರಾದರೂ ಗೊತ್ತಾ ಎಂದು ಈ ಸಲ ಕೇಳಲಿಲ್ಲ, ದೂರನ್ನು ಎಷ್ಟು ಪ್ರತಿ ಬರೆಯಬೇಕು ಎಂದಷ್ಟೇ ಕೇಳಿದಳು. ಎರಡು ಪ್ರತಿ ಬರೆಯಿರಿ, ಒಂದನ್ನು ಅವರಿಗೆ ಕೊಡಿ, ಇನ್ನೊಂದರ ಮೇಲೆ ಠಾಣೆಯ ಸೀಲು, ತಾರೀಕು, ಗಂಟೆ ಹಾಕಿಸಿಕೊಂಡು ಬನ್ನಿ ಎಂದೆ.