ಹಾಲಿನ ಹೊತ್ತಿಗೆ ಬಂದ ಅಪ್‌ಡೇಟ್

ನಮ್ಮ ಡೈರಿಯ ಕಂಪ್ಯೂಟರಿಗೆ ದಿನಕ್ಕೆ ಎರಡೇ ಹೊತ್ತು ಕೆಲಸ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳೂವರೆ. ಮಧ್ಯೆ ಇಡೀ ಹಗಲು ಖಾಲಿ. ರಾತ್ರಿಯೂ ಖಾಲಿ. ಇಷ್ಟೆಲ್ಲ ಬಿಡುವು ಇದ್ದರೂ ಅದಕ್ಕೆ ಅಪ್‌ಡೇಟ್ ಆಗಬೇಕು ಅನ್ನಿಸಿದ್ದು ಒಂದು ಗುರುವಾರ ಬೆಳಿಗ್ಗೆ ಆರಕ್ಕೆ, ಹೆಂಗಸರೆಲ್ಲ ಕ್ಯಾನು ಹಿಡಿದು ಸಾಲು ನಿಂತ ಮೇಲೆ.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆಯ ಹಳ್ಳಿ. ನಾನು ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಾವು ವರ್ಷಕ್ಕೊಮ್ಮೆ ಕೈಗೆ ಬರುತ್ತೆ. ಟೊಮೆಟೊ 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿತ್ತು, ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದಿದ್ದಾರೆ. ಅಳತೆಗೆ ತಕ್ಕ ಕಾಸು ತಪ್ಪದೆ ಬರುವುದು ಹಾಲಿನಿಂದ ಮಾತ್ರ. ಹಾಗಾಗಿ ಆ ಅಳತೆಯ ಬಗ್ಗೆ ಯಾರೂ ಉದಾಸೀನ ಮಾಡುವುದಿಲ್ಲ.

ಅಳತೆ ನಡೆಯುವುದು ಹೀಗೆ. ತಕ್ಕಡಿ ಮೇಲೆ ಹಾಲು ಬಿದ್ದ ಕೂಡಲೇ ತೂಕ ಕಂಪ್ಯೂಟರಿಗೆ ಹೋಗುತ್ತೆ. ಸ್ಯಾಂಪಲ್ಲನ್ನು ಅನಲೈಸರ್ ನಳಿಕೆಗೆ ಹಿಡಿದರೆ ಸ್ವಲ್ಪ ಹೊತ್ತಿಗೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಅದೂ ಕಂಪ್ಯೂಟರಿಗೆ ಹೋಗುತ್ತೆ. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕು. ಅಲ್ಲಿಂದ ಒಂದೊಂದು ಪಾಯಿಂಟಿಗೂ ದರ ಏರುತ್ತೆ, ಇಳಿಯುತ್ತೆ. ಕೊನೆಗೆ ಒಂದು ಸಣ್ಣ ಚೀಟಿ ಹೊರಗೆ ಬರುತ್ತೆ. ಓದು ಬಾರದ ಅಜ್ಜಿಯರೂ ಆ ಚೀಟಿಯಲ್ಲಿ ಫ್ಯಾಟ್ ಎಲ್ಲಿ ಬರೆದಿರುತ್ತೆ ಅಂತ ಬೆರಳಿಟ್ಟು ತೋರಿಸಬಲ್ಲರು.

ಅವತ್ತು ಕಂಪ್ಯೂಟರ್ ಹಾಕಿದರೆ ನಮ್ಮ ಸಾಫ್ಟ್‌ವೇರ್ ಬರಲಿಲ್ಲ. ನೀಲಿ ಪರದೆ, ಗಿರಗಿರ ಸುತ್ತುವ ಚುಕ್ಕಿಗಳು, ಕೆಳಗೆ ಶೇಕಡಾ ಲೆಕ್ಕ. ಆಫ್ ಮಾಡಬೇಡಿ ಅಂತ ಎಚ್ಚರಿಕೆ ಬೇರೆ. 27ರಲ್ಲಿ ನಿಂತಿತು. ಎಷ್ಟು ಹೊತ್ತು ನೋಡಿದರೂ 27. ಟೆಸ್ಟರ್ ಹುಡುಗಿ ಪ್ಲಗ್ ಹತ್ತಿರ ಕೈ ಇಟ್ಟುಕೊಂಡು "ಕಿತ್ತುಬಿಡಲಾ ಅಕ್ಕ?" ಅಂದಳು. ಬೇಡ ಅಂದೆ. ನಡುವೆ ಕಿತ್ತರೆ ಇರುವುದೂ ಹೋಗುತ್ತೆ ಅಂತ ಕೇಳಿದ್ದೆ. ಹಾಲಿನ ಗಾಡಿ ಎಂಟೂಕಾಲಕ್ಕೆ ಬರುತ್ತೆ, ಯಾರಿಗೂ ಕಾಯುವುದಿಲ್ಲ. ಗಾಡಿ ತಪ್ಪಿದರೆ ಅಷ್ಟೂ ಕ್ಯಾನಿನ ಹಾಲು ಹುಳಿ ಬರುತ್ತೆ, ಶೀತಲ ಕೇಂದ್ರದಲ್ಲಿ ವಾಪಸ್ ಮಾಡುತ್ತಾರೆ.

ಅಂತೂ ಏಳರ ಹೊತ್ತಿಗೆ ನೂರು ಮುಟ್ಟಿತು. ಎಲ್ಲರೂ ಉಸಿರು ಬಿಟ್ಟರು. ಸಾಫ್ಟ್‌ವೇರ್ ತೆರೆಯಿತು, ಮೊದಲ ಕ್ಯಾನು ಸುರಿದೆವು. ತಕ್ಕಡಿ ತೂಕ ತೋರಿಸಿತು, ಅನಲೈಸರ್ ತನ್ನ ಪರದೆಯಲ್ಲಿ ಫ್ಯಾಟ್ ತೋರಿಸಿತು. ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. ತೂಕ ಸೊನ್ನೆ, ಫ್ಯಾಟ್ ಸೊನ್ನೆ, ಹಣ ಸೊನ್ನೆ. ಕಾಯುವುದನ್ನು ಹೇಗೋ ಸಹಿಸಿಕೊಂಡಿದ್ದೆವು, ಈ ಸೊನ್ನೆ ನೋಡಿ ನಿಜವಾಗಲೂ ಕೈಕಾಲು ಆಡಲಿಲ್ಲ. ಮೆಶಿನ್‌ಗಳು ಸರಿ ಇವೆ, ಕಂಪ್ಯೂಟರೂ ಓಡುತ್ತಿದೆ. ಇದಕ್ಕೂ ಅದಕ್ಕೂ ಮಾತು ಬಿಟ್ಟುಹೋಗಿದೆ, ಅಷ್ಟೇ. ಕಂಪ್ಯೂಟರಿಗೆ ಕೈಯಿಂದ ಅಂಕಿ ಹಾಕೋಣ ಅಂದರೆ ಆ ಕಿಟಕಿಗೆ ಪಾಸ್‌ವರ್ಡ್ ಬೀಗ. ಕಾರ್ಯದರ್ಶಿಗಳು ಕಳ್ಳಲೆಕ್ಕ ಬರೆಯಬಾರದು ಅಂತ ಮಾಡಿದ್ದು. ಸರಿಯೇ. ಆದರೆ ಆ ಪಾಸ್‌ವರ್ಡ್ ಇರುವವರು ಬೆಳಿಗ್ಗೆ ಏಳಕ್ಕೆ ಫೋನ್ ಎತ್ತಬೇಕಲ್ಲ.

ದೊಡ್ಡಮ್ಮನನ್ನು ಕರೆಸಿದೆ. ನನಗಿಂತ ಮುಂಚೆ ಸಂಘ ನಡೆಸಿದವಳು ಅವಳೇ. ಆಗ ಹಾಲು ಪರೀಕ್ಷೆ ಅಂದರೆ ಉದ್ದ ಕತ್ತಿನ ಗಾಜಿನ ಬ್ಯುಟಿರೋಮೀಟರು. ಅದಕ್ಕೆ ಗಂಧಕಾಮ್ಲ, ಆಮೇಲೆ 10.75 ಮಿ.ಲೀ. ಹಾಲು, ಒಂದು ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಮೆಶಿನ್ನಿನಲ್ಲಿಟ್ಟು ಗಿರ್ರನೆ ತಿರುಗಿಸಿದರೆ ಕೊಬ್ಬು ಮೇಲೆ ಬಂದು ಕತ್ತಿನ ಗೀಟುಗಳ ಮೇಲೆ ನಿಲ್ಲುತ್ತಿತ್ತು. ಆಸಿಡ್ ಹಾರಿ ಆದ ಕಲೆ ಅವಳ ಎಡ ಮುಂಗೈ ಮೇಲೆ ಇನ್ನೂ ಇದೆ. ಅವಳು ಬಂದವಳೇ ಕಂಪ್ಯೂಟರ್ ಕಡೆ ತಿರುಗಿಯೂ ನೋಡದೆ, ಗೋಡೆಗೆ ಅಂಟಿಸಿದ್ದ ದರಪಟ್ಟಿಯ ಕೆಳಗೆ ಸ್ಟೂಲ್ ಎಳೆದುಕೊಂಡು ಕೂತಳು. ಅಡ್ಡ ಸಾಲಿನಲ್ಲಿ ಎಸ್‌ಎನ್‌ಎಫ್, ಉದ್ದ ಸಾಲಿನಲ್ಲಿ ಫ್ಯಾಟ್, ಎರಡೂ ಕೂಡುವ ಮನೆಯಲ್ಲಿ ಲೀಟರಿನ ದರ. ನಾನು ಕೂಗಬೇಕು, ಅವಳು ಬರೆಯಬೇಕು. ಟೆಸ್ಟರ್ ಹುಡುಗಿ ಹಳೇ ನೋಟ್‌ಪುಸ್ತಕದ ಹಾಳೆ ಹರಿದು ಚೀಟಿ ಮಾಡಿದಳು.

ಲೆಕ್ಕಕ್ಕಿಂತ ಜಾಸ್ತಿ ಕಷ್ಟ ಆಗಿದ್ದು ನಂಬಿಕೆ ವಿಷಯದಲ್ಲಿ. ಬೀದಿ ಕೊನೆ ಮನೆ ಅಜ್ಜಿ ಕೈಬರಹದ ಚೀಟಿ ಹಿಡಿದು ಅಲ್ಲೇ ನಿಂತರು.

"ನಿನ್ನೆ ನಾಕು ಪಾಯಿಂಟ್ ಒಂದಿತ್ತು ಅಮ್ಮಣ್ಣಿ. ಇವತ್ತು ಮೂರು ಪಾಯಿಂಟ್ ಎಂಟು ಹೆಂಗಾಯ್ತು? ಕಂಪ್ಯೂಟರ್ ಕೆಟ್ಟಿದ್ದಕ್ಕಾ?"

"ಫ್ಯಾಟ್ ಹೇಳೋದು ಆ ಮೆಶಿನ್ನು ಅಜ್ಜಿ, ಕಂಪ್ಯೂಟರ್ ಅಲ್ಲ. ಮೆಶಿನ್ ಚೆನ್ನಾಗೇ ಇದೆ."

"ಚೆನ್ನಾಗಿದ್ದರೆ ಚೀಟಿ ಯಾಕೆ ಬರಲಿಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ಯಾಟ್ ದಿನಾ ಸ್ವಲ್ಪ ಆಚೀಚೆ ಆಗುತ್ತೆ, ಹಸಿಮೇವು ಜಾಸ್ತಿ ತಿಂದರೆ ಇಳಿಯುತ್ತೆ, ಇದೆಲ್ಲ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ಅಚ್ಚಾದ ಚೀಟಿಯಲ್ಲಿ 3.8 ಬಂದಿದ್ದರೆ ಹಸುವನ್ನು ಬೈದುಕೊಂಡು ಹೋಗುತ್ತಿದ್ದರು. ಕೈಬರಹದಲ್ಲಿ ಬಂದದ್ದಕ್ಕೆ ನನ್ನನ್ನು ಬೈದರು. ದೊಡ್ಡಮ್ಮ ತಲೆ ಎತ್ತದೆ, "ನಮ್ ಕಾಲದಲ್ಲೂ ನೀನು ಹಿಂಗೇ ಬೈಯ್ತಾ ಇದ್ದೆ, ಹೋಗು ಹೋಗು" ಅಂದಳು. ಸಾಲಿನಲ್ಲಿ ನಗು ಎದ್ದಿತು, ಕೆಲಸ ಮುಂದೆ ಸಾಗಿತು. ಗಾಡಿಗೆ ಹಾಲು ಹೋಯಿತು.

ಹಗಲು ಕೋಲಾರದ ಡೂಂಲೈಟ್ ಸರ್ಕಲ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಹೇಳಿದ ಕಡೆ ಒತ್ತುತ್ತಾ ಹೋದೆ. ಡಿವೈಸ್ ಮ್ಯಾನೇಜರ್ ಅಂತ ಒಂದಿದೆ, ಕಂಪ್ಯೂಟರಿಗೆ ಸಿಕ್ಕಿಸಿದ ಎಲ್ಲದರ ಪಟ್ಟಿ. ಅದರಲ್ಲಿ ಒಂದರ ಮೇಲೆ ಹಳದಿ ತ್ರಿಕೋನ. ಅನಲೈಸರಿನ, ತಕ್ಕಡಿಯ ಹಿಂದೆ ಇರುವುದು ಹಳೇ ಕಾಲದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್. ಈಗಿನ ಬಹಳಷ್ಟು ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ. ಅದಕ್ಕೇ ನಡುವೆ ಒಂದು ಯುಎಸ್‌ಬಿ ಕೇಬಲ್, ಕೇಬಲ್ಲಿನ ಮೂತಿಯೊಳಗೆ ಒಂದು ಪುಟ್ಟ ಚಿಪ್. ಅಪ್‌ಡೇಟ್ ಬರುವಾಗ ಆ ಚಿಪ್ಪಿನ ಹೊಸ ಡ್ರೈವರನ್ನೂ, ಅಂದರೆ ಚಿಪ್ಪಿಗೂ ಕಂಪ್ಯೂಟರಿಗೂ ಮಾತು ಕೂಡಿಸುವ ಸಾಫ್ಟ್‌ವೇರನ್ನೂ, ಜೊತೆಗೆ ತಂದು ಕೂರಿಸಿತ್ತು. ತ್ರಿಕೋನದ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದ ಸಾಲು: ಈ ಚಿಪ್ಪನ್ನು 2012ರಿಂದಲೇ ಕೈಬಿಡಲಾಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ.

ಎರಡೆರಡು ಸಲ ಓದಿದೆ. ಹಿಂದಿನ ಸಂಜೆವರೆಗೆ ಚೆನ್ನಾಗಿ ಕೆಲಸ ಮಾಡಿದ ಕೇಬಲ್ಲು ಅದು. ಸುಟ್ಟಿಲ್ಲ, ಇಲಿ ಕಡಿದಿಲ್ಲ. ನಿನ್ನ ಕಾಲ ಮುಗಿಯಿತು ಅಂತ ದೂರದಲ್ಲಿ ಯಾರೋ ತೀರ್ಮಾನ ಮಾಡಿ, ಆ ತೀರ್ಮಾನವನ್ನು ಡ್ರೈವರಿನೊಳಗೆ ಬರೆದು ಕಳಿಸಿದ್ದಾರೆ. ನಕಲಿ ಚಿಪ್ ಮಾರುವವರನ್ನು ತಡೆಯಲು ಕಂಪನಿಗಳು ಹೀಗೆ ಮಾಡುತ್ತವೆ ಅಂತ ಹುಡುಗ ಹೇಳಿದ. ಎಫ್‌ಟಿಡಿಐ ಅನ್ನುವ ಚಿಪ್ ಕಂಪನಿ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್, ನಕಲಿ ಚಿಪ್ ಕಂಡರೆ ಅದರೊಳಗಿನ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡುತ್ತಿತ್ತು. ಆಮೇಲೆ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಆ ಚಿಪ್ಪಿನ ಗುರುತು ಸಿಗುತ್ತಿರಲಿಲ್ಲ. ಗಲಾಟೆ ಎದ್ದ ಮೇಲೆ ಆ ಡ್ರೈವರನ್ನು ವಾಪಸ್ ಪಡೆದರು. ನಕಲಿ ಮಾಡಿದವನು ಎಲ್ಲೋ ಇದ್ದಾನೆ, ಏಟು ತಿಂದವನು ಅಂಗಡಿಯಲ್ಲಿ ಕೇಬಲ್ ಕೊಂಡವನು. ನಮ್ಮ ಕೇಬಲ್ಲು ಅಸಲಿಯೋ ನಕಲಿಯೋ, ನೋಡಿ ಹೇಳುವ ಕಣ್ಣು ನನಗಂತೂ ಇಲ್ಲ.

ರಿಪೇರಿ ಸುಲಭವೇ ಆಯಿತು. ಹಳೇ ಡ್ರೈವರ್ ಕಂಪ್ಯೂಟರಿನೊಳಗೇ ಇತ್ತು. ಪಟ್ಟಿಯಿಂದ ಅದನ್ನು ಆರಿಸಿದ ಕೂಡಲೇ ತ್ರಿಕೋನ ಹೋಯಿತು. ಸಂಜೆ ಪಾಳಿಗೆ ಚೀಟಿ ಬಂತು.

ಅದೇ ಕಾಲ್‌ನಲ್ಲಿ ಹುಡುಗ ಇನ್ನೊಂದು ಸೆಟ್ಟಿಂಗ್ ತೆರೆಸಿದ. ಆಕ್ಟಿವ್ ಅವರ್ಸ್ ಅಂತ. ನೀವು ಕೆಲಸ ಮಾಡುವ ಹೊತ್ತು ಯಾವುದು ಅಂತ ಅಲ್ಲಿ ಬರೆದಿರುತ್ತೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ನಮ್ಮದರಲ್ಲಿ ಬೆಳಿಗ್ಗೆ 8ರಿಂದ ಸಂಜೆ 5 ಅಂತ ಇತ್ತು. ನಾವು ಹಾಕಿದ್ದಲ್ಲ, ಬರುವಾಗಲೇ ಹಾಗೆ ಬಂದದ್ದು. ನೋಡಿ ನಗು ಬಂತು, ಸಿಟ್ಟೂ ಬಂತು. ನಮ್ಮ ಕೆಲಸ ಎಂಟಕ್ಕೆ ಮುಗಿಯುತ್ತೆ, ಮತ್ತೆ ಶುರುವಾಗುವುದೇ ಐದು ದಾಟಿದ ಮೇಲೆ. ಹಿಂದೊಂದು ಸಂಜೆ ಪಾಳಿ ನಡುವೆ ಅದು ತಾನಾಗಿ ಆರಿ ಹತ್ತಿಕೊಂಡಾಗ ನಾವೆಲ್ಲ ಕರೆಂಟನ್ನು ಬೈದಿದ್ದೆವು. ಹಾಲು ಕರೆಯುವವರು, ಹೂವು ಬಿಡಿಸುವವರು, ತರಕಾರಿ ಲಾರಿ ತುಂಬಿಸುವವರು, ಇವರ ಹೊತ್ತು ಆ ಯಂತ್ರದ ಲೆಕ್ಕದಲ್ಲಿ ಬಿಡುವಿನ ಹೊತ್ತು. ಗಡಿಯಾರ ಬರೆದವರು ಆಫೀಸಿಗೆ ಹೋಗುವವರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಹಾಗಂತ ಅಪ್‌ಡೇಟೇ ಬೇಡ ಅನ್ನುವವಳಲ್ಲ ನಾನು. ಸಂಘದ ನಿರ್ದೇಶಕಿಯೊಬ್ಬರು ಸಭೆಯಲ್ಲಿ "ಅದನ್ನ ಪೂರ್ತಿ ಬಂದ್ ಮಾಡಿಸಿಬಿಡಮ್ಮ" ಅಂದಾಗ ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ಬಿಡದೆ ಕಾಡಿತಲ್ಲ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಅದನ್ನು ಹಾಕಿಕೊಳ್ಳದೇ ಬಿಟ್ಟವರು ಬಹಳ. ನಮ್ಮ ಕಂಪ್ಯೂಟರಿನಲ್ಲಿ ಊರಿನ ಹೆಂಗಸರ ಬ್ಯಾಂಕ್ ಖಾತೆ ನಂಬರುಗಳಿವೆ. ಬಾಗಿಲು ತೆರೆದಿಟ್ಟು ಕೂರಲಾಗುತ್ತಾ? ಆದರೆ ಅಪ್‌ಡೇಟ್ ಕಳಿಸುವವರೂ ಎಡವುತ್ತಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ಕಂಪ್ಯೂಟರುಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೇ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ಫೋಟೊ ಮೊಬೈಲಿನಲ್ಲಿ ಅಜ್ಜಿಗೆ ತೋರಿಸಿದೆ. "ಅವರ ಫ್ಯಾಟ್ ಎಷ್ಟು ಬಂತಂತೆ?" ಅಂದರು.

ಈಗ ಲೆಕ್ಕ ಹಾಕಿ ಇಟ್ಟಿದ್ದೇನೆ. ನಮ್ಮ ಕಂಪ್ಯೂಟರಿನಲ್ಲಿರುವ ವಿಂಡೋಸ್ ಮಾಡಿದವರು ದೊಡ್ಡ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದಲ್ಲಿ ಬೆಳಿಗ್ಗೆ. ನಮಗಾಗ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಬುಧವಾರ ನಾವು ಹಾಲು ಅಳೆಯುತ್ತಿರುವಾಗ ಅದು ಸದ್ದಿಲ್ಲದೆ ಇಳಿಯುತ್ತೆ. ಸಂಜೆ ಆಫ್ ಮಾಡುವಾಗ ಅರ್ಧ ಕೂರುತ್ತೆ, ಗುರುವಾರ ಬೆಳಿಗ್ಗೆ ಹಾಕಿದಾಗ ಉಳಿದರ್ಧ. ಆಕ್ಟಿವ್ ಅವರ್ಸ್ 18 ಗಂಟೆವರೆಗೆ ಹಿಗ್ಗಿಸಬಹುದು. ಬೆಳಗಿನ ಜಾವ 4ರಿಂದ ರಾತ್ರಿ 10ರವರೆಗೆ ಹಾಕಿದ್ದೇನೆ. ಆ ಮಂಗಳವಾರದ ಮರುದಿನ, ಬುಧವಾರ ಹಗಲು ಹನ್ನೊಂದಕ್ಕೆ ನಾನೇ ಹೋಗಿ ಅಪ್‌ಡೇಟ್ ಒತ್ತಿ, ತಿರುಗಿ ಹತ್ತಿ ಬರುವವರೆಗೆ ಕೂತು, ಖಾಲಿ ತಕ್ಕಡಿ ಮೇಲೆ ನೀರಿನ ಕ್ಯಾನಿಟ್ಟು ತೂಕ ಬರುತ್ತಾ ನೋಡಿ ಬರುತ್ತೇನೆ. ಬೇರೆ ಚಿಪ್ಪಿನ ಕೇಬಲ್ಲೊಂದು ಡ್ರಾಯರಿನಲ್ಲಿದೆ. ಹಗಲು ಕರೆಂಟ್ ತೆಗೆದ ತಿಂಗಳು ಮಾತ್ರ ಪೂರ್ತಿ ಲೆಕ್ಕ ತಲೆಕೆಳಗು.

ಆ ಗುರುವಾರದ ಕೈಲೆಕ್ಕವನ್ನು ಕಂಪ್ಯೂಟರಿಗೆ ಸೇರಿಸಿಕೊಂಡದ್ದು ಬಟವಾಡೆಯ ಹಿಂದಿನ ದಿನ. ನಮ್ಮ ಹಾಲಿನ ಸಾಫ್ಟ್‌ವೇರಿನವರು ಕೊನೆಗೂ ಫೋನ್ ಎತ್ತಿ ಪಾಸ್‌ವರ್ಡ್ ಹಾಕಿ ಕಿಟಕಿ ತೆರೆದುಕೊಟ್ಟರು. ಇಂಥ ಹೊತ್ತಿಗೆ ಸಂಘದಲ್ಲೇ ತೆರೆಯುವ ಹಾಗೆ, ಯಾರು ಯಾವಾಗ ತೆರೆದರು ಅಂತ ದಾಖಲಾಗುವ ಹಾಗೆ ಒಂದು ದಾರಿ ಮಾಡಿಕೊಡಿ ಅಂತ ಕೇಳಿದೆ. ಒಳ್ಳೆ ಐಡಿಯಾ ಮೇಡಂ, ಅಂದರು. ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತಂತೆ.