ಕೊಲೆ ಮಾಡದವನು ‘ನಾನೇ ಮಾಡಿದೆ’ ಅಂತ ಯಾಕೆ ಒಪ್ಪಿಕೊಳ್ಳುತ್ತಾನೆ?

ಮಾಡದ ಕೊಲೆಗೆ ಶಿಕ್ಷೆಯಾಗಿ, ಎಷ್ಟೋ ವರ್ಷದ ಮೇಲೆ ನಿರಪರಾಧಿ ಎಂದು ಹೊರಬಂದವರ ವಿಷಯ ತೆಗೆದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಹೊಡೆದರೆ ಒಪ್ಪಿಕೊಳ್ತಾರೆ, ಸರಿ. ಸುಮ್ನೆ ಕೂರಿಸಿ ಕೇಳಿದರೂ ಒಪ್ಪಿಕೊಳ್ತಾರಲ್ಲ, ಏನೋ ಇರಲೇಬೇಕು ಅಲ್ವಾ?"

ಇರಬೇಕಿಲ್ಲ. ಪೊಲೀಸರು ಪ್ರಶ್ನೆ ಕೇಳುವ ಆ ಕೋಣೆಯಲ್ಲಿ ಕೂತವನಿಗೆ ಗಲ್ಲು ದೂರದ ಮಾತು, ನಿದ್ದೆ ಹತ್ತಿರದ ಮಾತು. ಸಹಿ ಹಾಕಿ ಇಲ್ಲಿಂದ ಎದ್ದರೆ ಸಾಕು, ನಾಳೆ ಜಡ್ಜ್ ಮುಂದೆ ನಿಜ ಹೇಳಿದರಾಯಿತು ಅಂದುಕೊಳ್ಳುತ್ತಾನೆ. ತಪ್ಪು ಮಾಡದವನಿಗೇ ಈ ನಂಬಿಕೆ ಜಾಸ್ತಿ.

"ಆದರೆ ಕೊಲೆಗಾರನಿಗೆ ಮಾತ್ರ ಗೊತ್ತಿರುವ ವಿವರ ಹೇಳಿದನಲ್ಲ?" ಅದು ಮರುಪ್ರಶ್ನೆ. ವಿವರ ಪ್ರಶ್ನೆಯಲ್ಲೇ ಇರುತ್ತದೆ. "ಚಾಕು ಎಲ್ಲಿ ಎಸೆದೆ?" ಅಂದರೆ ಆಯುಧ ಚಾಕು ಅಂತ ಗೊತ್ತಾಯಿತಲ್ಲ. ಹತ್ತು ಗಂಟೆ ಇಂಥದ್ದೇ ಕೇಳಿಸಿಕೊಂಡವನು ಇಡೀ ಕಥೆಯನ್ನು ತಿರುಗಿ ಒಪ್ಪಿಸಬಲ್ಲ.

ಲಂಡನ್ನಿನ ತಿಮೊಥಿ ಇವಾನ್ಸ್ ಹೆಂಡತಿ, ಮಗುವನ್ನು ಕೊಂದೆ ಎಂದು ಪೊಲೀಸರ ಮುಂದೆ ಒಪ್ಪಿಕೊಂಡ. ಆಮೇಲೆ, ಮಾಡಿದ್ದು ಕೆಳಗಿನ ಮನೆಯ ಕ್ರಿಸ್ಟಿ ಎಂದ. ಕೋರ್ಟಿನಲ್ಲಿ ಅದೇ ಕ್ರಿಸ್ಟಿ ಇವನ ವಿರುದ್ಧ ಸಾಕ್ಷಿ! 1950ರಲ್ಲಿ ಇವಾನ್ಸ್‌ನನ್ನು ಗಲ್ಲಿಗೇರಿಸಿದರು. 1953ರಲ್ಲಿ ಕ್ರಿಸ್ಟಿಯ ಮನೆಯೊಳಗೆ ಹೆಂಗಸರ ಹೆಣಗಳು ಸಿಕ್ಕವು. 1966ರಲ್ಲಿ ಇವಾನ್ಸ್‌ಗೆ ಕ್ಷಮಾದಾನ ಕೊಟ್ಟರು. ಮಾಡದ ತಪ್ಪಿಗೆ, ಸತ್ತ ಮೇಲೆ, ಕ್ಷಮೆ.

ನನ್ನನ್ನು ಜಾಸ್ತಿ ಕಾಡುವುದು ಜಪಾನಿನ ಇವಾವೊ ಹಕಮಾಡಾ. ಹಿಂದೆ ಬಾಕ್ಸರ್ ಆಗಿದ್ದವರು, ಆಗ ಮಿಸೊ ಕಾರ್ಖಾನೆಯ ಕೆಲಸಗಾರ. ಮಿಸೊ ಅಂದರೆ ಸೋಯಾ ಕಾಳನ್ನು ಉಪ್ಪು ಹಾಕಿ ಹುಳಿಬರಿಸಿದ ಗಟ್ಟಿ ಹಿಟ್ಟಿನಂಥದ್ದು. ಇದು ಮುಂದೆ ಬೇಕಾಗುತ್ತದೆ. 1966ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಗೆ ಇವರನ್ನು ಹಿಡಿದರು. ಸುಮಾರು 20 ದಿನದ ವಿಚಾರಣೆಯ ಕೊನೆಗೆ ಒಪ್ಪಿಕೊಂಡರು, ಕೋರ್ಟಿನಲ್ಲಿ ಇಲ್ಲ ಎಂದರು. ಪೊಲೀಸರು, ಪ್ರಾಸಿಕ್ಯೂಟರುಗಳು ಬರೆಸಿಕೊಂಡ 45 ಹೇಳಿಕೆಗಳಲ್ಲಿ 44ನ್ನು ಕೋರ್ಟೇ ತಳ್ಳಿಹಾಕಿತು. ಉಳಿದ ಒಂದನ್ನು ಇಟ್ಟುಕೊಂಡಿತು. 1968ರಲ್ಲಿ ಮರಣದಂಡನೆ.

ಒಪ್ಪಿಕೊಂಡ ಹೇಳಿಕೆಯಲ್ಲಿ, ಕೊಲೆ ಮಾಡುವಾಗ ಮೈಮೇಲಿದ್ದದ್ದು ಪೈಜಾಮ ಎಂದಿತ್ತು. ವರ್ಷದ ಮೇಲೆ, ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿರುವಾಗ, ಕಾರ್ಖಾನೆಯ ಮಿಸೊ ತೊಟ್ಟಿಯಲ್ಲಿ ರಕ್ತದ ಕಲೆಯ ಐದು ಬಟ್ಟೆ ಸಿಕ್ಕವು. ಪ್ರಾಸಿಕ್ಯೂಷನ್ ಕಥೆ ಬದಲಾಯಿತು, ಆರೋಪಿ ಬದಲಾಗಲಿಲ್ಲ. ಪ್ಯಾಂಟ್ ಹಾಕಿಸಿ ನೋಡಿದರೆ ಮೇಲಕ್ಕೆ ಏರಲೇ ಇಲ್ಲ. ಕಲೆ ಇನ್ನೂ ಕೆಂಪಗಿತ್ತು. ಒಂದು ವರ್ಷಕ್ಕೂ ಹೆಚ್ಚು ಮಿಸೊದಲ್ಲಿ ನೆನೆದ ರಕ್ತ ಕೆಂಪಗೆ ಉಳಿಯುವುದಿಲ್ಲ ಎಂಬುದನ್ನು ಕೋರ್ಟಿಗೆ ಒಪ್ಪಿಸುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಮೊದಲ ತೀರ್ಪು ಕೊಟ್ಟ ಮೂವರು ಜಡ್ಜ್‌ಗಳಲ್ಲಿ ಕುಮಾಮೊಟೊ ಎಂಬವರು, ತಮಗೆ ಆಗಲೇ ಹಕಮಾಡಾ ನಿರಪರಾಧಿ ಅನಿಸಿತ್ತು ಎಂದು 2007ರಲ್ಲಿ ಹೇಳಿದರು. ಉಳಿದಿಬ್ಬರು ಒಪ್ಪಲಿಲ್ಲವಂತೆ. ಮರಣದಂಡನೆಯ ತೀರ್ಪು ಬರೆದದ್ದು ಈ ಕುಮಾಮೊಟೊ ಅವರೇ!

2014ರಲ್ಲಿ ಬಿಡುಗಡೆ. 2024ರ ಸೆಪ್ಟೆಂಬರ್ 26ರಂದು ಖುಲಾಸೆ. ಆ ಬಟ್ಟೆಯ ಸಾಕ್ಷ್ಯ ತನಿಖೆಯವರೇ ಸೃಷ್ಟಿಸಿದ್ದು ಎಂದಿತು ಕೋರ್ಟು. ಹಕಮಾಡಾಗೆ ಆಗ 88 ವರ್ಷ. ಒಂಟಿ ಕೋಣೆಯ ವರ್ಷಗಳು ಮನಸ್ಸನ್ನು ಕೆಡಿಸಿಬಿಟ್ಟಿದ್ದವು, ಕೋರ್ಟಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ತೀರ್ಪನ್ನು ಅವರ ಪರವಾಗಿ ಕೂತು ಕೇಳಿದ್ದು ಅಕ್ಕ ಹಿಡೆಕೊ, 91 ವರ್ಷದವರು.